ಒಂದು ಪೊಟ್ಟಣ, ಒಂದು ಲೀಟರು

ಕಳೆದ ತಿಂಗಳು ನೆರೆಮನೆಯ ಶಿಶುವಿಗೆ ಅತಿಸಾರವುಂಟಾಯಿತು. ತಾಯಿಯು ನನ್ನ ಹಳೆಯ ವಿದ್ಯಾರ್ಥಿನಿ. ಒಂದು ಲೀಟರು ನೀರಿಗೆ ಬೆರೆಸತಕ್ಕ ಓ.ಆರ್.ಎಸ್. ಪೊಟ್ಟಣವನ್ನು ಆಕೆ ಒಂದೇ ಲೋಟ ನೀರಿಗೆ ಸುರಿಯಹೊರಟಳು. ನಾನು ತಡೆಯಲು, "ಮೇಷ್ಟ್ರೇ, ಗಟ್ಟಿಯಾಗಿದ್ದಷ್ಟೂ ಬೇಗ ಗುಣವಾಗುವುದಿಲ್ಲವೆ?" ಎಂದು ಕೇಳಿದಳು. ಅಂದು ಆಕೆಗೆ ಕೊಟ್ಟ ಉತ್ತರವನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ, ಕೆಲವು ದಿನಗಳಲ್ಲಿ ಮಿಡಿಗಳು ಸುಕ್ಕುಗಟ್ಟಿ ಸುತ್ತಲೂ ನೀರು ನಿಲ್ಲುವುದನ್ನು ಯಾವ ಗೃಹಿಣಿ ತಾನೇ ಕಂಡಿಲ್ಲ? ನಾವು ಹನಿ ನೀರನ್ನೂ ಹಾಕಿರುವುದಿಲ್ಲ; ಅದು ಮಿಡಿಯೊಳಗಿನಿಂದಲೇ ಬಂದುದು. ಜೀವಿಗಳ ದೇಹವೆಲ್ಲ ಸೂಕ್ಷ್ಮವಾದ ಜೀವಕೋಶಗಳಿಂದಾದುದು. ಪ್ರತಿಯೊಂದು ಕೋಶಕ್ಕೂ ತೆಳುವಾದ ಪೊರೆಯುಂಟು. ನೀರು ಅದನ್ನು ಸುಲಭವಾಗಿ ದಾಟುವುದು; ಉಪ್ಪು ಹಾಗೆ ದಾಟಲಾರದು. ಆದುದರಿಂದ ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಅತ್ತ ಸರಿಯುವುದು. ಇದಕ್ಕೆ ಅಭಿಸರಣವೆಂದು ಹೆಸರು. ಅಭಿಸರಣ, ಅತಿಸಾರ ಎಂಬೆರಡೂ 'ಸೃ' ಎಂಬ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳು: ಒಂದು ಅಭಿಮುಖವಾಗಿ ಸರಿಯುವುದು, ಇನ್ನೊಂದು ಮಿತಿಮೀರಿ ಹರಿಯುವುದು.

ಹಾಗಾದರೆ ಅತಿಸಾರದಲ್ಲಿ ಉಪ್ಪನ್ನು ಕುಡಿಸುವುದೇಕೆ? ಸಣ್ಣಕರುಳಿನ ಕೋಶಗಳ ಪೊರೆಯಲ್ಲಿ ಒಂದು ವಾಹಕವಿದೆ. ಅದು ಉಪ್ಪಿನಲ್ಲಿರುವ ಸೋಡಿಯಂ ಅಂಶವನ್ನೂ ಗ್ಲೂಕೋಸನ್ನೂ ಜೊತೆಗೂಡಿಸಿ ಒಳಗೊಯ್ಯುವುದು. ನೀರು ಅವುಗಳನ್ನು ಹಿಂಬಾಲಿಸುವುದು. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಪ್ರಾಗ್ ನಗರದಲ್ಲಿ ಈ ಮರ್ಮವನ್ನು ಪ್ರಕಟಿಸಿದನು. ಕಾಲರಾ ರೋಗದಲ್ಲಿಯೂ ಈ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಪೂರ್ವಬಂಗಾಳದ ನಿರಾಶ್ರಿತರು ಗಡಿಯ ಬನಗಾಂವಿಗೆ ಬಂದು ತುಂಬಿದಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ದ್ರವವು ಸಾಲದಾಯಿತು. ಆಗ ವೈದ್ಯ ದಿಲೀಪ್ ಮಹಲನಬೀಸರು ಉಪ್ಪು, ಗ್ಲೂಕೋಸು, ಅಡಿಗೆಸೋಡಗಳನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಮರಣವು 4ಕ್ಕಿಂತ ಕೆಳಗಿಳಿಯಿತು.

ಆದರೆ ಇದೆಲ್ಲವೂ ಪ್ರಮಾಣವನ್ನವಲಂಬಿಸಿದೆ. ದ್ರವವು ಗಟ್ಟಿಯಾದರೆ ಕರುಳೇ ಉಪ್ಪಿನಕಾಯಿಯ ಭರಣಿಯಾಗುವುದು. ಒಳಸೇರಬೇಕಾದ ನೀರು ಹೊರಬಂದು, ಮಗುವು ಇನ್ನಷ್ಟು ಬಳಲುವುದು. ಆದಕಾರಣ ಪೊಟ್ಟಣದ ಮೇಲೆ ಹೇಳಿರುವಷ್ಟೇ ನೀರಿಗೆ ಪೂರ್ತಿ ಪುಡಿಯನ್ನು ಬೆರೆಸತಕ್ಕುದು. ಪೊಟ್ಟಣವಿಲ್ಲದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾಗಿ ಅಳೆದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಿರಬೇಕು, ಒಂದು ದಿನ ಕಳೆದರೆ ಉಳಿದುದನ್ನು ಚೆಲ್ಲಬೇಕು. ತಾಯಿಯ ಹಾಲನ್ನು ನಿಲ್ಲಿಸಕೂಡದು. ಮಗು ಕುಡಿಯಲಾರದಿದ್ದರೆ, ಕಣ್ಣು ಗುಳಿಬಿದ್ದರೆ, ಮಂಕಾದರೆ, ಮಲದಲ್ಲಿ ರಕ್ತ ಕಂಡರೆ, ಕ್ಷಣವೂ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಆ ಶಿಶುವು ಈಗ ಅಂಗಳದಲ್ಲಿ ಅಂಬೆಗಾಲಿಡುತ್ತಿದೆ. ಅದರ ತಾಯಿಯು ಲೀಟರಿನ ಮಟ್ಟಕ್ಕೆ ಗೆರೆಯೆಳೆದ ಪಾತ್ರೆಯೊಂದನ್ನು ಅಡಿಗೆಮನೆಯಲ್ಲಿ ಬೇರೆಯಾಗಿಯೇ ಇರಿಸಿದ್ದಾಳೆ. ವಾಚಕರ ಮನೆಯಲ್ಲಿಯೂ ಅಂತಹದೊಂದಿರಲಿ.