ರದ್ದಿಗೆ ಹಾಕುವ ಮುಂಚೆ...

ಮೊನ್ನೆ ಮನೆಗೆ ಬಣ್ಣ ಹೊಡೆಸುವ ಗಡಿಬಿಡಿಯಲ್ಲಿ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಯಿತು. ಒಳಗೆ ಹಳೆಯ ‘ಚಿಪ್’, ‘ಡಿಜಿಟ್’ ಪತ್ರಿಕೆಗಳು, ಜೊತೆಗೆ ಅವುಗಳ ಸಿಡಿಗಳು. “ರದ್ದಿಯವನು ಕೆಳಗೇ ಇದ್ದಾನೆ, ಕೊಟ್ಟುಬಿಡ್ಲಾ ರೀ?” ಅಂದಳು ನನ್ನಾಕೆ. ನಾಲ್ಕು ಪುಟ ತಿರುವಿದೆ ನೋಡಿ, ಕೊಡಲು ಮನಸ್ಸು ಬರಲಿಲ್ಲ.

ಈ ಪತ್ರಿಕೆಗಳು ಒಂದು ರೀತಿಯಲ್ಲಿ ನಮ್ಮೂರಿನವೇ. ‘ಚಿಪ್’ ಮೂಲತಃ ಜರ್ಮನಿಯದು, 1978ರಲ್ಲಿ ಹುಟ್ಟಿದ್ದು. ಅದರ ಭಾರತದ ಆವೃತ್ತಿಯನ್ನು 1998ರ ಕೊನೆಗೆ ಮುಂಬಯಿಯ ಜಸುಭಾಯಿ ಸಂಸ್ಥೆ ತಂದಿತು. 2001ರ ಜೂನ್‌ನಲ್ಲಿ ಅದೇ ಪತ್ರಿಕೆ ‘ಡಿಜಿಟ್’ ಆಯಿತು. 2007ರ ಡಿಸೆಂಬರ್‌ನಲ್ಲಿ ನೈನ್ ಡಾಟ್ ನೈನ್ ಸಂಸ್ಥೆ ಅದನ್ನು ಕೊಂಡಿತು. ಈ ನಡುವೆ ‘ಚಿಪ್’ ಹೆಸರು ಇನ್ಫೋಮೀಡಿಯಾದವರ ಮೂಲಕ ಮತ್ತೆ ಅಂಗಡಿಗೆ ಬಂತು. ತಮಾಷೆಯೆಂದರೆ, ಒಂದು ಕಾಲದಲ್ಲಿ ಎರಡೂ ಪತ್ರಿಕೆಗಳ ಮೇಲಿದ್ದ ವಿಳಾಸ ನೆರೂಲ್! ಡಿಜಿಟ್ ಶಿರವಣೆಯ ಎಂಐಡಿಸಿಯಿಂದ, ಚಿಪ್ ಸಯನ್-ಪನ್ವೇಲ್ ರಸ್ತೆಯ ಪಕ್ಕದಿಂದ.

ಆಗ ಅವುಗಳಿಗೆ ಅಷ್ಟು ಬೆಲೆ ಏಕಿತ್ತು? ಬ್ಯಾಂಕಿನವನಾದ್ದರಿಂದ ಲೆಕ್ಕವನ್ನೇ ಹೇಳುತ್ತೇನೆ. ಒಂದು ಸಿಡಿಯಲ್ಲಿ 650 ಎಂಬಿ. ಮನೆಯ ಫೋನ್ ತಂತಿಯ ಮೋಡೆಮ್ ಹೆಚ್ಚೆಂದರೆ 56 ಕೆಬಿಪಿಎಸ್. ಒಂದು ಕ್ಷಣವೂ ಲೈನ್ ಕಡಿಯದೆ ಪೂರ್ತಿ ವೇಗದಲ್ಲಿ ಇಳಿಸಿದರೂ ಸುಮಾರು 26 ಗಂಟೆ! ಅಷ್ಟು ಹೊತ್ತು ಫೋನ್ ಎಂಗೇಜ್, ಬಿಲ್ ಬೇರೆ. ಅದನ್ನೇ ಈ ಪತ್ರಿಕೆ ಸ್ಟಾಲಿನಲ್ಲಿ ಕೈಗಿಡುತ್ತಿತ್ತು. ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಹೋಗುವಷ್ಟರಲ್ಲಿ ‘ಡೌನ್‌ಲೋಡ್’ ಮುಗಿದ ಹಾಗೆ!

ಸಿಡಿಗಿಂತ ದೊಡ್ಡದು ಅದು ಕೊಟ್ಟ ಧೈರ್ಯ. ಡಬ್ಬದ ಸ್ಕ್ರೂ ಬಿಚ್ಚಿ ರ್ಯಾಮ್ ಹಾಕುವುದನ್ನು ನಾನು ಕಲಿತದ್ದು ಅದನ್ನು ತೊಡೆಯ ಮೇಲಿಟ್ಟುಕೊಂಡೇ. ಬಿಕಾಂ ಓದಿದವನಿಗೆ ಅದನ್ನು ಕಲಿಸುವ ಶಾಲೆ ಬೇರೆ ಎಲ್ಲಿತ್ತು? ‘ಮುಟ್ಟಬೇಡ, ಹಾಳಾಗುತ್ತೆ’ ಅನ್ನುವ ಕಾಲದಲ್ಲಿ ‘ಮುಟ್ಟಿ ನೋಡು’ ಅಂದದ್ದು ಇಂಥ ಪತ್ರಿಕೆಗಳು.

ಈಗ ಎಲ್ಲ ಫೋನಿನಲ್ಲೇ ಸಿಗುತ್ತದಲ್ಲ, ಹಳೆಯ ಕಸ ಯಾಕೆ ಅನ್ನಬಹುದು. ಮಾಹಿತಿ ಸಿಗುತ್ತದೆ, ನಿಜ. ಆದರೆ 1999ರಲ್ಲಿ ನಮ್ಮಂಥ ಮಧ್ಯಮ ವರ್ಗದ ಮನೆಯೊಳಗೆ ಯಾವ ಕಂಪ್ಯೂಟರ್ ಬಂತು, ಎಷ್ಟಕ್ಕೆ ಬಂತು, ಅದರಲ್ಲಿ ಏನು ಓಡುತ್ತಿತ್ತು ಅನ್ನುವುದಕ್ಕೆ ಸಾಕ್ಷಿ ಈ ಜಾಹೀರಾತುಗಳು, ಈ ಸಿಡಿಗಳು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಗೆ 1956ರಲ್ಲಿ ನಿಯತಕಾಲಿಕಗಳೂ ಸೇರಿದವು. ಅದು ಕೇಳಿದ್ದು ಮುದ್ರಿತ ಪ್ರತಿಗಳನ್ನು. ಸಿಡಿಯ ಕಲ್ಪನೆಯೇ ಆಗ ಇರಲಿಲ್ಲ. ಕಾಗದವಾದರೂ ನೂರು ವರ್ಷ ಬಾಳೀತು. ನಮ್ಮ ಆರ್ದ್ರ ಹವೆಯಲ್ಲಿ ಅಟ್ಟದ ಮೇಲಿನ ಸಿಡಿಗೆ ಅಂಥ ಆಯುಷ್ಯವಿಲ್ಲ.

ಠಾಣೆ, ಕಲ್ಯಾಣ್, ನವಿಮುಂಬಯಿಯ ನಮ್ಮ ಸಂಘಗಳ ವಾಚನಾಲಯಗಳು ಹಳೆಯ ಕನ್ನಡ ವಾರಪತ್ರಿಕೆಗಳನ್ನು ಬೈಂಡ್ ಮಾಡಿಸಿ ಇಟ್ಟರೆ ಎಷ್ಟು ಹೆಮ್ಮೆಪಡುತ್ತೇವೆ! ಒಂದು ಕಪಾಟು ಇವಕ್ಕೂ ಕೊಡಲಿ. ಕಂಪ್ಯೂಟರ್ ಬಲ್ಲ ನಮ್ಮ ಹುಡುಗರು ಓದಲು ಬರುವ ಸಿಡಿಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಡಲಿ. ಒಂದೆರಡು ಭಾನುವಾರದ ಕೆಲಸ, ಅಷ್ಟೇ.

ನಮ್ಮ ಮನೆಯ ಡಬ್ಬ ಸದ್ಯಕ್ಕೆ ಮಂಚದ ಕೆಳಗೆ ಸೇರಿದೆ. ನಿಮ್ಮ ಅಟ್ಟದಲ್ಲೂ ಇದ್ದೀತು. ರದ್ದಿಯವನು ಬೆಲ್ ಒತ್ತುವ ಮುಂಚೆ ಒಮ್ಮೆ ನೋಡಿ, ಆಯ್ತಾ?