ಮನೆಗೆ ಬಂದ ಬ್ಯಾಂಕಿನ ಕಾಗದ ಓದುವವರು ಯಾರು?

ಹೋದ ತಿಂಗಳು ಬದಿಯಡ್ಕ ಕಡೆಯ ಅಮ್ಮ ಒಬ್ಬರು ನಮ್ಮ ಕೌಂಟರಿಗೆ ಬಂದರು. ಸಾಲ ನಮ್ಮ ಬ್ಯಾಂಕಿನದ್ದಲ್ಲ, ಬೇರೆ ಕಡೆಯದ್ದು. ಇಲ್ಲಿ ಕನ್ನಡ ಮಾತಾಡುವವ ಒಬ್ಬ ಇದ್ದಾನೆ ಅಂತ ಯಾರೋ ಹೇಳಿದ್ದರಂತೆ. ತೊಟ್ಟೆಯಿಂದ ನಾಲ್ಕು ಲಕೋಟೆ ತೆಗೆದಿಟ್ಟು, "ಇದರಲ್ಲಿ ಎಂತ ಬರೆದಿದ್ದಾರೆ, ಸ್ವಲ್ಪ ಓದಿ ಹೇಳ್ತೀರಾ?" ಎಂದರು. ಎರಡು ಲಕೋಟೆ ಒಡೆದೇ ಇರಲಿಲ್ಲ.

ಎಲ್ಲವೂ ಇಂಗ್ಲಿಷಿನಲ್ಲಿತ್ತು. ಒಂದು 60 ದಿನದ ನೋಟಿಸು; ಆ ಅವಧಿ ಯಾವಾಗಲೋ ಮುಗಿದಿತ್ತು. ಇನ್ನೊಂದು ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡ ನೋಟಿಸು. ಅದು ಪೇಪರಿನಲ್ಲೂ ಬಂದಿತ್ತು, ಒಂದು ಇಂಗ್ಲಿಷ್, ಒಂದು ಮಲಯಾಳಂ. ಅವರ ಮನೆಗೆ ಬರುವುದು ಕನ್ನಡ ಪೇಪರು. ಕಾನೂನಿನ ಲೆಕ್ಕದಲ್ಲಿ ಅವರಿಗೆ ಎಲ್ಲವನ್ನೂ ತಿಳಿಸಿಯಾಗಿದೆ. ಅವರಿಗೆ ಮಾತ್ರ ಏನೂ ತಿಳಿದಿಲ್ಲ.

ಗೆಳೆಯರೇ, ನಾವು ಶಾಲೆಗೆ ಕನ್ನಡ ಗೊತ್ತಿಲ್ಲದ ಟೀಚರು ಬಂದರೆ ಧರಣಿ ಕೂರುತ್ತೇವೆ. ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಪೋಸ್ಟ್ ಹಾಕುತ್ತೇವೆ. ಮಾಡಲೇಬೇಕು. ಆದರೆ ಅಪ್ಪ ಅಮ್ಮ ಮನೆಯನ್ನೇ ಅಡವಿಟ್ಟು ಸಹಿ ಹಾಕುವ ಕಾಗದ ಯಾವ ಭಾಷೆಯಲ್ಲಿದೆ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಜತ್ತಿನಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಆದೋನಿಯಲ್ಲಿ ತೆಲುಗು ಅಂತ ಭಾಷೆ ಬದಲಾಗಬಹುದು, ಕಷ್ಟ ಇದೇ.

ಮನೆ ಒಂದೇ ದಿನದಲ್ಲಿ ಹೋಗುವುದಿಲ್ಲ, ಮಾರಾಯ್ರೆ. ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಕಂತು ತಪ್ಪಿ 90 ದಿನ ದಾಟಿದರೆ ಸಾಲ ಎನ್‌ಪಿಎ ಆಗುತ್ತದೆ. ಆಮೇಲೆ ಒಂದು ಕಂತು ಕಟ್ಟಿದರೆ ಸಾಲದು, ತಪ್ಪಿದ ಬಾಕಿ ಪೂರ್ತಿ ಕಟ್ಟಿದರೆ ಮಾತ್ರ ಖಾತೆ ಸರಿಯಾಗುವುದು. ನಂತರ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ 60 ದಿನದ ನೋಟಿಸು ಬರುತ್ತದೆ. ಆ ಅವಧಿಯಲ್ಲಿ ನೀವು ಬರಹದಲ್ಲಿ ಆಕ್ಷೇಪ ಸಲ್ಲಿಸಬಹುದು. ಒಪ್ಪದಿದ್ದರೆ ಬ್ಯಾಂಕು 15 ದಿನದೊಳಗೆ ಕಾರಣ ಕೊಟ್ಟು ಉತ್ತರಿಸಬೇಕು. ಅದರ ಮುಂದಿನದು ಸ್ವಾಧೀನದ ನೋಟಿಸು. ಅದರ ವಿರುದ್ಧ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು 45 ದಿನ ಉಂಟು. ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಪೂರ್ತಿ ಬಾಕಿಯನ್ನು ಖರ್ಚು ಸಮೇತ ಕಟ್ಟಿದರೆ ಮನೆ ಬಿಡಿಸಿಕೊಳ್ಳಬಹುದು. ಒಂದೊಂದು ಮೆಟ್ಟಿಲಲ್ಲೂ ದಾರಿ ಉಂಟು, ಆದರೆ ಕಾಗದ ಓದಿದವರಿಗೆ ಮಾತ್ರ.

ಎಲ್ಲಕ್ಕಿಂತ ಸುಲಭದ ದಾರಿ ಇರುವುದು ಮೊದಲ 90 ದಿನದೊಳಗೆ. ಆಗಲೇ ಬ್ರಾಂಚಿಗೆ ಹೋಗಿ ಕಷ್ಟ ಹೇಳಿಕೊಂಡರೆ ಅವಧಿ ವಿಸ್ತರಿಸಿ ಕಂತು ಇಳಿಸಲು ಕೇಳಬಹುದು. ಉದಾಹರಣೆಗೆ 15 ಲಕ್ಷ ಬಾಕಿಗೆ ಶೇ. 9ರ ಬಡ್ಡಿಯಲ್ಲಿ 15 ವರ್ಷಕ್ಕೆ ತಿಂಗಳ ಕಂತು ಸುಮಾರು 15,200 ರೂಪಾಯಿ. ಅದೇ 20 ವರ್ಷಕ್ಕಾದರೆ ಸುಮಾರು 13,500. ಒಟ್ಟು ಬಡ್ಡಿ 5 ಲಕ್ಷದಷ್ಟು ಜಾಸ್ತಿ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಕಂತು ಕಟ್ಟಲು ಬಂಗಾರ ಅಡವಿಡುವುದು, ಆ ಬಂಗಾರ ಬಿಡಿಸಲು ಮೀಟರ್ ಬಡ್ಡಿಗೆ ಹೋಗುವುದು, ಇದಕ್ಕಿಂತ ಅದೇ ವಾಸಿ. ನಮ್ಮವರು ಬ್ರಾಂಚಿಗೆ ಯಾಕೆ ಹೋಗುವುದಿಲ್ಲ ಅಂದರೆ, ಒಂದು ಮರ್ಯಾದೆಯ ಭಯ, ಇನ್ನೊಂದು ಭಾಷೆಯ ಭಯ. ಮ್ಯಾನೇಜರರ ಎದುರು ಅರ್ಧಂಬರ್ಧ ಮಲಯಾಳಂನಲ್ಲಿ ಸಾಲದ ಕಷ್ಟ ಹೇಳುವುದಕ್ಕಿಂತ ಸುಮ್ಮನಿರುವುದು ಮೇಲು ಅಂತ ಕಾಣುತ್ತದೆ ಅವರಿಗೆ. ಆ ಸುಮ್ಮನಿರುವಿಕೆಯ ಬೆಲೆ ಮನೆ.

ಹಾಗಾದರೆ ನಾವು ಏನು ಕೇಳಬೇಕು? 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಹೊಸ ಸಾಲಗಳಿಗೆ, ಬಡ್ಡಿ, ಶುಲ್ಕ, ಕಂತು ಎಲ್ಲ ಇರುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು, ಅದನ್ನು ವಿವರಿಸಿ ಹೇಳಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಉಂಟು. ಗಮನಿಸಿ, ಅಲ್ಲಿರುವುದು ರಾಜ್ಯದ ಭಾಷೆ ಅಂತ ಅಲ್ಲ, ಸಾಲಗಾರರಿಗೆ ಅರ್ಥವಾಗುವ ಭಾಷೆ ಅಂತ. ಸಹಿಗೆ ಮೊದಲು ಅದನ್ನು ಕನ್ನಡದಲ್ಲಿ ಕೇಳಿ, ಕೊಡದಿದ್ದರೆ ಬರಹದಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಸ್ವಾಧೀನದ ನೋಟಿಸು ಪ್ರಕಟವಾಗುವ ಎರಡು ಪೇಪರುಗಳಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು ಅಂತ ನಿಯಮ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಸ್ಥಳೀಯ ಭಾಷೆ ಅಲ್ಲವಾ? ಇಲ್ಲಿ ಕನ್ನಡ ಪೇಪರಿನಲ್ಲೂ ಹಾಕಬೇಕು ಅನ್ನುವುದು ನಮ್ಮ ಸಂಘಟನೆಗಳ ಬೇಡಿಕೆ ಪಟ್ಟಿಗೆ ಸೇರಬೇಕು.

ಅದು ಆಗುವವರೆಗೆ ಕಾಯುವುದು ಬೇಡ. ನಮಗೆ ಇಂಗ್ಲಿಷ್ ಬರುತ್ತದೆ, ಮಲಯಾಳಂ ಬರುತ್ತದೆ, ಕೈಯಲ್ಲಿ ಫೋನು ಉಂಟು. ಈ ಭಾನುವಾರ ಮನೆಯಲ್ಲಿ ಕೇಳಿ: ಯಾವ ಸಾಲ ಉಂಟು, ಎಷ್ಟು ಕಂತು ಬಾಕಿ, ರಿಜಿಸ್ಟರ್ಡ್ ಪೋಸ್ಟ್ ಏನಾದರೂ ಬಂದಿದೆಯಾ. ಬೈದರೆ ಬೈಸಿಕೊಳ್ಳಿ. ಆಮೇಲೆ ಪಕ್ಕದ ಮನೆಯವರಿಗೂ ಓದಿ ಹೇಳಿ. ನೋಟಿಸು ಬಂದಾಗಿದ್ದರೆ ತಡ ಮಾಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋಗಿ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ.

ಆ ಅಮ್ಮನನ್ನೂ ಅಲ್ಲಿಗೇ ಕಳಿಸಿದ್ದೇನೆ. 45 ದಿನದಲ್ಲಿ ಇಪ್ಪತ್ತು ದಿನ ಆಗಲೇ ಕಳೆದಿತ್ತು. ಅವರ ಮನೆ ಉಳಿಯುತ್ತದೆ ಅಂತ ನಾನು ಧೈರ್ಯವಾಗಿ ಹೇಳಲಾರೆ. ಮೊದಲ ಲಕೋಟೆ ಬಂದ ದಿನವೇ ಯಾರಾದರೂ ಓದಿ ಹೇಳಿದ್ದರೆ ಹೇಳಬಹುದಿತ್ತು.