ದುಗ್ಗಳೆಯ ಎರಡು ವಚನ

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಊರುಗಳಲ್ಲಿ ಪುರಾಣ ಹಚ್ಚಿದರೆ ಕೂತು ಕೇಳುವವರಲ್ಲಿ ಹೆಚ್ಚಿನವರು ಹೆಂಗಸರೇ. ಅಲ್ಲಿ ದುಗ್ಗಳೆಯ ಕಥೆ ಬರುವುದುಂಟು. ಸುರಪುರದ ಕಡೆಯ ಮುದನೂರಿನ ಜೇಡರ ದಾಸಿಮಯ್ಯ ಮರಳು ಬೆರೆಸಿದ ಅಕ್ಕಿ, ಒಂದಿಷ್ಟು ಕಬ್ಬು ಹಿಡಿದು ಕನ್ಯೆ ಹುಡುಕುತ್ತ ಹೋದನಂತೆ. ನೀರು, ಕಟ್ಟಿಗೆ ಮುಟ್ಟದೆ ಪಾಯಸ ಮಾಡಬೇಕೆಂದನಂತೆ. ದುಗ್ಗಳೆ ಮರಳು ಆರಿಸಿ ತೆಗೆದು, ಕಬ್ಬಿನ ಹಾಲಿನಲ್ಲಿ ಅಕ್ಕಿ ಬೇಯಿಸಿ, ಸಿಪ್ಪೆಯನ್ನೇ ಒಲೆಗೆ ಹಾಕಿ ಗೆದ್ದಳಂತೆ. ಕೇಳಿದವರು ಕೈಮುಗಿಯುತ್ತಾರೆ. ನನಗೆ ಮಾತ್ರ ಹೆಣ್ಣು ನೋಡುವ ಶಾಸ್ತ್ರ ನೆನಪಾಗುತ್ತದೆ. ಪರೀಕ್ಷೆ ಅವಳಿಗೇ, ಪಾಸಾದ ಮೇಲೂ ಬಂಗಾರ, ಗಾಡಿ ಅವಳಪ್ಪನೇ ಕೊಡಬೇಕು. ವರದಕ್ಷಿಣೆ 1961ರಿಂದ ಅಪರಾಧವಾಗಿದ್ದರೂ! ಹೊಡೆತ ತಿಂದು ತವರಿಗೆ ಬಂದವಳಿಗೂ ಹಿರಿಯರು ಶರಣೆಯರ ಕಥೆ ಹೇಳಿಯೇ ತಿರುಗಿ ಕಳಿಸುತ್ತಾರೆ.

ಈ ಕಥೆ ಹೆಣೆದವರು ಯಾರು? ದಾಸಿಮಯ್ಯನ ಹೆಸರಿನ ವಚನವೊಂದು ಹೆಣ್ಣು, ಗಂಡು ಎಂಬ ಭೇದ ಮೈಗೆ ಮಾತ್ರ, ಒಳಗಿನ ಆತ್ಮಕ್ಕಿಲ್ಲ ಎನ್ನುತ್ತದೆ. ಹಾಗೆಂದವನು ಮದುವೆಯಾಗುವವಳ ಕೈಗೆ ಮರಳಕ್ಕಿ ಕೊಟ್ಟನೇ? ನಾನು ನಂಬಲಾರೆ. ವಚನಗಳನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಅವು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ದಾಟಿ ಬಂದು, 1923ರಲ್ಲಿ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದಲ್ಲಿ ಅಚ್ಚಾದವು. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂದು ವಿದ್ವಾಂಸರು ಬಹಳ ಜಗಳಾಡಿದ್ದಾರೆ. ದುಗ್ಗಳೆಗಾಗಿ ಯಾರು ಅಷ್ಟು ಜಗಳಾಡಿದರು?

ಗಂಡನ ಹೆಸರಿನಲ್ಲಿ ನೂರೈವತ್ತಕ್ಕೂ ಹೆಚ್ಚು ವಚನ ಉಳಿದಿವೆ. ಅವಳವು ಎರಡೇ. ಅಂಕಿತ ‘ದಾಸಯ್ಯಪ್ರಿಯ ರಾಮನಾಥ’. ಅವಳು ಎರಡೇ ಹೇಳಿದಳೋ, ಪ್ರತಿ ಮಾಡಿದವರು ಎರಡನ್ನೇ ಉಳಿಸಿದರೋ? ಗಂಡನ ಹೆಸರು ತಾನೇ ಇಟ್ಟುಕೊಂಡಳೋ, ಬೇರೆಯವರು ಇಟ್ಟರೋ?

ಬೈಬಲ್ ವಿದ್ವಾಂಸರು ಇಂಥ ಪ್ರಶ್ನೆಗೆ ಹಿಂಜರಿದಿಲ್ಲ. ಹೆಂಗಸರು ಸಭೆಯಲ್ಲಿ ಬಾಯಿ ತೆರೆಯಬಾರದು ಎಂಬ ಮಾತು ಕೊರಿಂಥದವರಿಗೆ ಪೌಲ ಬರೆದ ಪತ್ರದಲ್ಲಿದೆಯಲ್ಲ, ಅದು ಕೆಲವು ಹಳೆಯ ಪ್ರತಿಗಳಲ್ಲಿ ಬೇರೆ ಜಾಗದಲ್ಲಿದೆ. ಆಮೇಲೆ ಯಾರೋ ಸೇರಿಸಿದ್ದೆಂದು ಹಲವರ ಅನುಮಾನ. ನಮ್ಮಲ್ಲಿ ನೀಲಾಂಬಿಕೆಯ ವಚನಗಳನ್ನೇ ಸಾಕ್ಷಿಯಾಗಿ ಓದಿದ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ‘ಮಾರ್ಗ’ದ ಮಾತುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. 2015ರ ಆಗಸ್ಟ್ 30ರಂದು ಅವರನ್ನು ಧಾರವಾಡದ ಮನೆಯಲ್ಲೇ ಗುಂಡಿಟ್ಟು ಕೊಂದರು.

ಅಕ್ಕತಂಗಿಯರೇ, ಮುಂದಿನ ಸಲ ಪುರಾಣದವರು ಪಾಯಸದ ಕಥೆ ತೆಗೆದರೆ, ದುಗ್ಗಳೆಯ ವಚನ ಓದಿರಿ ಎಂದು ಕೇಳಿ. ಸರ್ಕಾರ 1993ರಲ್ಲಿ ತಂದ ಸಮಗ್ರ ವಚನ ಸಂಪುಟಗಳಲ್ಲಿ ಶರಣೆಯರದೇ ಒಂದು ಸಂಪುಟವಿದೆ. ಅವಳೂ ಅದರಲ್ಲಿದ್ದಾಳೆ.